ನಮ್ಮ ಅರಿವು ಕೇಂದ್ರದಲ್ಲಿ ಉಚಿತ ಕಾನೂನು ನೆರವು ಶುರು ಮಾಡಬಹುದಾ? ಗೊತ್ತಿದ್ದವರು ಹೇಳಿ

ಪುಸ್ತಕದ ಮನೆ (ಚಿತ್ರದುರ್ಗ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಾನು ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯಿತಿ ಗ್ರಂಥಾಲಯದಲ್ಲಿ, ಮೇಲ್ವಿಚಾರಕಿ. ಪೇಪರ್ ಓದಲು ಹಿರಿಯರು ಬರುತ್ತಾರೆ, ಪರೀಕ್ಷೆಗೆ ಓದುವ ಹುಡುಗರು ಬರುತ್ತಾರೆ, ಶಾಲೆ ಬಿಟ್ಟ ಮೇಲೆ ಮಕ್ಕಳು ಬರುತ್ತಾರೆ. ಇವರಲ್ಲದೆ ಇನ್ನೂ ಕೆಲವರು ಬರುತ್ತಾರೆ. ಅವರಿಗೆ ಪುಸ್ತಕ ಬೇಕಿರುವುದಿಲ್ಲ. ಸೆರಗಿನಲ್ಲೋ ಅಂಗಿ ಜೇಬಿನಲ್ಲೋ ಮಡಚಿಟ್ಟ ಕಾಗದ ತೆಗೆದು, "ಮೇಡಂ, ಇದರಲ್ಲಿ ಏನಿದೆ ಓದಿ ಹೇಳಿ" ಅಂತಾರೆ. ಬಿಚ್ಚಿ ನೋಡಿದರೆ ಕೋರ್ಟಿನ ಸಮನ್ಸ್, ಚೆಕ್ ಬೌನ್ಸ್ ನೋಟಿಸ್, ಜಮೀನಿನ ಪಾಲು ದಾವೆಯ ಪ್ರತಿ.

ನಾನು ಓದಿ ಹೇಳುತ್ತೇನೆ. ಅದಾದ ಮೇಲೆ ಅವರು ಕೇಳುವ ಪ್ರಶ್ನೆ ಒಂದೇ: "ಈಗ ಏನು ಮಾಡಬೇಕು?" ಅಲ್ಲಿಗೆ ನನ್ನ ಬಾಯಿ ಕಟ್ಟುತ್ತದೆ. ನಾನು ವಕೀಲೆ ಅಲ್ಲ. ತಪ್ಪು ಹೇಳಿದರೆ ಅವರ ಮನೆ ಹೋಗುತ್ತದೆ. ಹಾಗಂತ ಗೊತ್ತಿಲ್ಲ ಎಂದು ಕಳಿಸಲು ಮನಸ್ಸು ಬರುವುದಿಲ್ಲ. ತಾಲೂಕು ಕೋರ್ಟಿಗೆ ಹೋಗಿ ವಿಚಾರಿಸಿ ಅಂದರೆ ಹೆದರುತ್ತಾರೆ. ಅಲ್ಲಿ ಯಾರನ್ನು ಕೇಳಬೇಕು, ಎಷ್ಟು ದುಡ್ಡು ಕೇಳುತ್ತಾರೆ, ಬೈದರೆ ಏನು ಮಾಡುವುದು ಎಂಬ ಅಳುಕು.

ಅದಕ್ಕೇ ಒಂದು ಯೋಚನೆ. ತಿಂಗಳಲ್ಲಿ ಎರಡು ದಿನವಾದರೂ ನಮ್ಮ ಅರಿವು ಕೇಂದ್ರದಲ್ಲೇ ಒಬ್ಬ ವಕೀಲರು ಕೂತು ಉಚಿತವಾಗಿ ಸಲಹೆ ಕೊಟ್ಟರೆ ಹೇಗೆ? ಇದಕ್ಕೆ ಯಾರ ಅನುಮತಿ ಬೇಕು? ವಕೀಲರನ್ನು ಯಾರು ಕಳಿಸುತ್ತಾರೆ? ವಕೀಲರು ಇಲ್ಲದ ದಿನ ನಾನು ಎಷ್ಟು ಹೇಳಬಹುದು, ಎಲ್ಲಿ ನಿಲ್ಲಿಸಬೇಕು? ದಯವಿಟ್ಟು ತಿಳಿದವರು ಬರೆಯಿರಿ.

ಕರಿಕೋಟು (ಶಿವಮೊಗ್ಗ)

ಮೇಡಂ, ಒಳ್ಳೆಯ ಪ್ರಶ್ನೆ. ನಾನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲ, ಅಂದರೆ ಉಚಿತ ನೆರವಿನ ಕೇಸು ನಡೆಸಲು ಅವರ ಪಟ್ಟಿಯಲ್ಲಿರುವವನು. ನೀವು ಹೊಸದಾಗಿ ಏನನ್ನೂ ಹುಟ್ಟುಹಾಕಬೇಕಿಲ್ಲ. ಕಾನೂನಿನಲ್ಲಿ ಇದಕ್ಕೆ ಆಗಲೇ ಜಾಗ ಇದೆ.

ಸಂವಿಧಾನಕ್ಕೆ 1976ರಲ್ಲಿ 39ಎ ವಿಧಿ ಸೇರಿತು. ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು, ಸರ್ಕಾರವೇ ಉಚಿತ ಕಾನೂನು ನೆರವು ಕೊಡಬೇಕು ಎಂದು ಅದು ಹೇಳುತ್ತದೆ. ಅದರ ಮೇಲೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಬಂತು, 1995ರ ನವೆಂಬರ್ 9ರಿಂದ ಜಾರಿಯಾಯಿತು. ದೆಹಲಿಯಲ್ಲಿ ರಾಷ್ಟ್ರೀಯ ಪ್ರಾಧಿಕಾರ, ಬೆಂಗಳೂರಿನಲ್ಲಿ ರಾಜ್ಯ ಪ್ರಾಧಿಕಾರ, ಪ್ರತಿ ಜಿಲ್ಲೆಗೆ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಪ್ರಾಧಿಕಾರ, ತಾಲೂಕಿಗೊಂದು ಸಮಿತಿ. ನಿಮಗೆ ಬೇಕಾದದ್ದು ಕೊನೆಯದು, ತಾಲೂಕು ಕಾನೂನು ಸೇವಾ ಸಮಿತಿ. ಅದರ ಕಚೇರಿ ನಿಮ್ಮ ತಾಲೂಕು ಕೋರ್ಟಿನ ಆವರಣದಲ್ಲೇ ಇರುತ್ತದೆ.

ರಾಷ್ಟ್ರೀಯ ಪ್ರಾಧಿಕಾರ 2011ರಲ್ಲಿ ಕಾನೂನು ನೆರವು ಕ್ಲಿನಿಕ್‌ಗಳ (ಉಚಿತ ಸಲಹಾ ಕೇಂದ್ರಗಳ) ನಿಯಮಾವಳಿ ತಂದಿದೆ. ಹಳ್ಳಿಗಳಲ್ಲಿ, ಜನ ಸುಲಭವಾಗಿ ಬರುವ ಜಾಗದಲ್ಲಿ ಕ್ಲಿನಿಕ್ ಇರಬೇಕು, ಅದಕ್ಕೆ ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆಗಳನ್ನು ಜಾಗ ಕೇಳಬಹುದು ಎಂದು ಅದರಲ್ಲೇ ಇದೆ. ಅಂದರೆ ನೀವು ಜಾಗ ಕೊಡುತ್ತೇವೆ ಎಂದರೆ, ಅವರು ಹುಡುಕಬೇಕಾದ್ದನ್ನು ನೀವೇ ಮುಂದೆ ಇಟ್ಟಂತೆ. ಪಂಚಾಯಿತಿಯಿಂದ ಒಂದು ಪತ್ರ, ತಾಲೂಕು ಸಮಿತಿ ಅಧ್ಯಕ್ಷರ ಹೆಸರಿಗೆ. ಅಷ್ಟೇ ಮೊದಲ ಹೆಜ್ಜೆ.

ಇನ್ನು ನೀವು ಎಷ್ಟು ಹೇಳಬಹುದು ಎಂಬುದು. ವಕೀಲಿ ಮಾಡುವ ಹಕ್ಕು 1961ರ ವಕೀಲರ ಕಾಯ್ದೆ ಪ್ರಕಾರ ನೋಂದಾಯಿತ ವಕೀಲರಿಗೆ ಮಾತ್ರ. ಆದರೆ ಕಾಗದದಲ್ಲಿ ಇರುವುದನ್ನು ಓದಿ ಹೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಯಾವ ಕೋರ್ಟು, ಕೇಸ್ ನಂಬರ್ ಏನು, ವಾದಿ ಯಾರು, ಪ್ರತಿವಾದಿ ಯಾರು, ಹಾಜರಾಗಬೇಕಾದ ತಾರೀಖು ಯಾವುದು, ಇವು ಐದನ್ನು ಸ್ಪಷ್ಟವಾಗಿ ಓದಿ, ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಡಿ. ಉಚಿತ ವಕೀಲರಿಗಾಗಿ ಅರ್ಜಿ ತುಂಬಲು ನೆರವಾಗಿ. 15100ಕ್ಕೆ ಫೋನ್ ಹಚ್ಚಿಕೊಡಿ, ಅದು ಕಾನೂನು ಸೇವೆಗಳ ಉಚಿತ ಸಹಾಯವಾಣಿ. "ಈ ಕೇಸು ಗೆಲ್ಲುತ್ತದೆ", "ರಾಜಿ ಮಾಡಿಕೊಳ್ಳಿ", "ಹೀಗೆ ಹೇಳಿಕೆ ಕೊಡಿ" ಎಂದು ಮಾತ್ರ ಹೇಳಬೇಡಿ. ಅದು ಸಲಹೆ. ಅದಕ್ಕೆ ವಕೀಲರೇ ಬೇಕು.

ನಿವೃತ್ತ ಶಿರಸ್ತೇದಾರ (ಧಾರವಾಡ)

ಕೋರ್ಟಿನ ಒಳಗೇ ಕೆಲಸ ಮಾಡಿ ನಿವೃತ್ತನಾದವನು ನಾನು. ವಕೀಲ ಸಾಹೇಬರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ತಂಗಿ, ನಿಮ್ಮ ಊರಿನ ಜನಕ್ಕೆ ಮೊದಲು ಬಿಡಿಸಿ ಹೇಳಬೇಕಾದದ್ದು ಇದು: ನೋಟಿಸ್ ತೆಗೆದುಕೊಳ್ಳದೆ ಇದ್ದರೆ ಕೇಸು ನಿಲ್ಲುವುದಿಲ್ಲ.

ಈ ನಂಬಿಕೆ ಎಷ್ಟು ಆಳಕ್ಕೆ ಇಳಿದಿದೆ ಎಂದರೆ, ಅಮೀನರು (ಸಮನ್ಸ್ ತಂದುಕೊಡುವ ಕೋರ್ಟಿನ ನೌಕರರು) ಊರಿಗೆ ಬಂದರು ಅಂತ ಗೊತ್ತಾದರೆ ಮನೆಗೆ ಬೀಗ ಹಾಕಿ ಹೊಲಕ್ಕೆ ಹೋಗುವವರಿದ್ದಾರೆ. ಅಂಚೆಯವರು ಕೋರ್ಟಿನ ಲಕೋಟೆ ತಂದರೆ "ಬೇಡ" ಅಂದು ವಾಪಸ್ ಕಳಿಸುತ್ತಾರೆ. ನಡೆಯುವುದೇನು ಗೊತ್ತೇ? ತೆಗೆದುಕೊಳ್ಳಲು ನಿರಾಕರಿಸಿದರೆ ಅಮೀನರು ಸಮನ್ಸನ್ನು ಬಾಗಿಲಿಗೆ ಅಂಟಿಸಿ, ಸಾಕ್ಷಿ ಬರೆಸಿಕೊಂಡು ವರದಿ ಕೊಡುತ್ತಾರೆ. ನಿರಾಕರಿಸಲಾಗಿದೆ ಎಂದು ಷರಾ ಬಿದ್ದ ಲಕೋಟೆ ವಾಪಸ್ ಬಂದರೆ ಕೋರ್ಟು ಅದನ್ನು ಜಾರಿ ಆದಂತೆಯೇ ನೋಡಬಹುದು. ಬೇಕೆಂದರೆ ಪೇಪರಿನಲ್ಲಿ ಪ್ರಕಟಣೆ ಕೊಡಿಸುತ್ತಾರೆ. ನಿಮ್ಮ ಅರಿವು ಕೇಂದ್ರದಲ್ಲೇ ಆ ಪೇಪರ್ ಬಿದ್ದಿರುತ್ತದೆ, ಯಾರೂ ಆ ಸಣ್ಣ ಅಕ್ಷರ ಓದಿರುವುದಿಲ್ಲ.

ಪ್ರತಿವಾದಿ ಬಾರದಿದ್ದರೆ ಎಕ್ಸ್‌ಪಾರ್ಟಿ. ವಾದಿ ಹೇಳಿದ್ದಷ್ಟನ್ನೇ ಕೇಳಿ ಡಿಕ್ರಿ, ಅಂದರೆ ಕೋರ್ಟಿನ ತೀರ್ಮಾನದ ಆದೇಶ, ಆಗಬಹುದು. ಆ ಡಿಕ್ರಿ ರದ್ದು ಮಾಡಿ ಎಂದು ಕೇಳಲು 30 ದಿನ ಇದೆ. ಸಮನ್ಸ್ ಸರಿಯಾಗಿ ಜಾರಿಯೇ ಆಗಿರದಿದ್ದರೆ ಡಿಕ್ರಿ ವಿಷಯ ಗೊತ್ತಾದ ದಿನದಿಂದ 30 ದಿನ. ಜಮೀನು ಜಪ್ತಿಗೆ ಬಂದ ಮೇಲೆ ಓಡಿ ಬಂದು ಕೋರ್ಟಿನ ವರಾಂಡದಲ್ಲಿ ಅಳುತ್ತಾ ಕೂತವರನ್ನು ಕಂಡಿದ್ದೇನೆ. ಅವರಲ್ಲಿ ಎಷ್ಟೋ ಜನರ ಪರವಾಗಿ ಒಳ್ಳೆಯ ದಾಖಲೆ ಇತ್ತು. ಮೊದಲ ತಾರೀಖಿಗೆ ಬಂದು ಹೆಸರು ಕರೆದಾಗ ಕೈ ಎತ್ತಿದ್ದರೆ ಸಾಕಿತ್ತು.

ಸಿವಿಲ್ ದಾವೆಯಲ್ಲಿ ಸಮನ್ಸ್ ಕೈಗೆ ಬಂದ 30 ದಿನದೊಳಗೆ ಲಿಖಿತ ಹೇಳಿಕೆ (ದಾವೆಗೆ ಪ್ರತಿವಾದಿಯ ಉತ್ತರ) ಹಾಕಬೇಕು. ಕಾರಣ ಕೊಟ್ಟರೆ 90 ದಿನದವರೆಗೆ ಕೋರ್ಟು ಸಮಯ ಕೊಡಬಹುದು. ಅದಕ್ಕೇ ಕಾಗದ ಬಂದ ವಾರದಲ್ಲೇ ವಕೀಲರ ಕೈಗೆ ಅದು ತಲುಪಬೇಕು. ಊರಲ್ಲೇ ಒಂದು ಜಾಗ ಇದ್ದರೆ ಅದು ಆಗುತ್ತದೆ.

ನೇರ ಮಾತು (ಮಂಡ್ಯ)

ಆಸೆ ಚೆನ್ನಾಗಿದೆ, ನಾನು ವಿರೋಧಿಯಲ್ಲ. ಆದರೆ ಹಳ್ಳಿ ಹೇಗಿರುತ್ತದೆ ಅಂತ ನಿಮಗೂ ಗೊತ್ತು. ಅರಿವು ಕೇಂದ್ರದ ಬಾಗಿಲು ರಸ್ತೆಗೆ ತೆರೆದಿರುತ್ತದೆ. ಯಾರು ವಕೀಲರ ಮುಂದೆ ಕೂತರು ಎಂಬುದು ಹತ್ತು ನಿಮಿಷಕ್ಕೆ ಟೀ ಅಂಗಡಿ ತಲುಪುತ್ತದೆ. ಗಂಡನ ಹೊಡೆತ ತಾಳಲಾರದ ಹೆಂಗಸು ಅಲ್ಲಿ ಬಂದು ಕೂರುತ್ತಾಳಾ? ಸಂಜೆ ಮನೆಗೆ ಹೋದರೆ ಮತ್ತೆ ಹೊಡೆತ.

ಎರಡನೆಯದು, ಜಾಗ ಪಂಚಾಯಿತಿಯದು. ಎಷ್ಟೋ ವ್ಯಾಜ್ಯಗಳಲ್ಲಿ ಪಂಚಾಯಿತಿಯೇ ಎದುರು ಪಾರ್ಟಿ. ರಸ್ತೆ ಒತ್ತುವರಿ, ನಿವೇಶನದ ಖಾತೆ, ನೀರಿನ ತಗಾದೆ. ಸದಸ್ಯರ ವಿರುದ್ಧ ಕೇಸ್ ಇದ್ದವನು ಸದಸ್ಯರ ಕಟ್ಟಡಕ್ಕೆ ಬಂದು ತನ್ನ ಗುಟ್ಟು ಬಿಚ್ಚುತ್ತಾನಾ?

ಮೂರನೆಯದನ್ನೂ ಹೇಳಿಬಿಡುತ್ತೇನೆ. ಉಚಿತ ವಕೀಲರು ಮನಸ್ಸಿಟ್ಟು ಕೆಲಸ ಮಾಡುವುದಿಲ್ಲ ಎಂಬ ಮಾತು ಜನರಲ್ಲಿ ಗಟ್ಟಿಯಾಗಿದೆ. ನಮ್ಮ ಸಂಬಂಧಿಕರ ಕೇಸಿನಲ್ಲಿ ಹಾಗೇ ಆಯಿತು. ವಾಯಿದೆ ಮೇಲೆ ವಾಯಿದೆ, ಫೋನ್ ಎತ್ತಲಿಲ್ಲ. ಕೊನೆಗೆ ಸಾಲ ಮಾಡಿ ಬೇರೆ ವಕೀಲರನ್ನು ಇಟ್ಟುಕೊಂಡರು. ಜನರನ್ನು ಕರೆತಂದು ಇಂಥವರ ಕೈಗೆ ಒಪ್ಪಿಸಿದರೆ ಅರಿವು ಕೇಂದ್ರದ ಮೇಲಿನ ನಂಬಿಕೆಯೂ ಹೋಗುತ್ತದೆ.

ಹೊಳೆನರಸೀಪುರದ ಮಗಳು

ನೇರ ಮಾತು ಅಣ್ಣ, ನಿಮ್ಮ ಮೊದಲ ಮಾತು ನಿಜ. ಆದರೆ ನನ್ನ ಅನುಭವ ಬೇರೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಚಿಕ್ಕಪ್ಪನ ಕಡೆಯವರು ಪಾಲು ದಾವೆ ಹಾಕಿದರು. ಅಣ್ಣಂದಿರ ಜೊತೆ ನಾನೂ ಪ್ರತಿವಾದಿ. ಅಣ್ಣ ಒಂದು ಕಾಗದ ತಂದು, "ನಮ್ಮ ಲಾಯರೇ ನಿನ್ನದನ್ನೂ ನೋಡಿಕೊಳ್ಳುತ್ತಾರೆ, ಇಲ್ಲಿ ಸಹಿ ಹಾಕು" ಅಂದ. ಅದು ವಕಾಲತ್ತು, ನನ್ನ ಪರವಾಗಿ ನಡೆಸಲು ಲಾಯರಿಗೆ ಅಧಿಕಾರ ಕೊಡುವ ಕಾಗದ. ಒಡಹುಟ್ಟಿದವನು, ಹಾಕಿದೆ. ನನ್ನ ಪರವಾಗಿ ಕೋರ್ಟಿಗೆ ಏನು ಹೋಗುತ್ತಿದೆ ಎಂದು ನನಗೆ ತಿಳಿದಿರಲಿಲ್ಲ. ಮದುವೆ ಖರ್ಚಿನಲ್ಲೇ ನನ್ನ ಪಾಲು ತೀರಿದೆ ಎಂದು ಲಿಖಿತ ಹೇಳಿಕೆಯಲ್ಲಿ ಬರೆದಿದ್ದರು. ಆ ಹೇಳಿಕೆ ಇಂಗ್ಲಿಷಿನಲ್ಲಿತ್ತು.

ಅದನ್ನು ನನಗೆ ಓದಿ ಹೇಳಿದ್ದು ಗ್ರಂಥಾಲಯಕ್ಕೆ ಓದಲು ಬರುತ್ತಿದ್ದ ಲಾ ಕಾಲೇಜಿನ ಹುಡುಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ ಎಂದು ಹೇಳಿದ್ದೂ ಅವಳೇ. ನಾನು ತಾಲೂಕು ಸಮಿತಿಗೆ ಅರ್ಜಿ ಕೊಟ್ಟೆ. ನನಗೇ ಬೇರೆ ವಕೀಲರು ಸಿಕ್ಕರು. ಅವರು ಕೋರ್ಟಿಗೆ ಅರ್ಜಿ ಹಾಕಿ ನನ್ನ ಹೇಳಿಕೆಯನ್ನು ಬೇರೆಯಾಗಿ ಸಲ್ಲಿಸಿದರು. ಕೇಸು ಇನ್ನೂ ನಡೆಯುತ್ತಿದೆ. ಆದರೆ ಈಗ ಅದು ನನ್ನ ಕೇಸು.

ಹಾಗಾಗಿ ಪುಸ್ತಕದ ಮನೆ ಅಕ್ಕ, ಶುರು ಮಾಡಿ. ಗ್ರಂಥಾಲಯಕ್ಕೆ ಹೆಣ್ಣುಮಗಳು ಒಬ್ಬಳೇ ಹೋದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ವಕೀಲರ ಆಫೀಸಿಗೆ ಹೋದರೆ ಊರೆಲ್ಲ ಕೇಳುತ್ತದೆ.

ಕರಿಕೋಟು (ಶಿವಮೊಗ್ಗ)

ತಂಗಿ ಬರೆದದ್ದು ಬಹಳ ಮುಖ್ಯ. ಪಾಲು ದಾವೆಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ಅಣ್ಣಂದಿರ ಹಿತ ಒಂದು, ತಂಗಿಯ ಹಿತ ಇನ್ನೊಂದು, ವಕೀಲರು ಮಾತ್ರ ಒಬ್ಬರೇ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 2005ರ ತಿದ್ದುಪಡಿ ಹಿಂದೂ ಕೂಡುಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಆಗ ತಂದೆ ಬದುಕಿರಬೇಕಿತ್ತಾ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಬಗೆಹರಿಸಿತು: ಹಕ್ಕು ಹುಟ್ಟಿನಿಂದ ಬರುತ್ತದೆ, ತಂದೆ ಆಗ ಬದುಕಿರಬೇಕೆಂದೇನಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ಪಾಲಾಗಿದ್ದರೆ ಅದನ್ನು ಮತ್ತೆ ಕೆದಕಲು ಆಗುವುದಿಲ್ಲ. ಇಂಥ ಸೂಕ್ಷ್ಮ ಇರುವುದರಿಂದಲೇ ಸಹಿ ಹಾಕುವ ಮೊದಲು ಒಬ್ಬ ವಕೀಲರಿಗೆ ತೋರಿಸಿ ಎನ್ನುವುದು.

ಉಚಿತ ವಕೀಲರು ಯಾರಿಗೆ ಎಂಬುದು ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಮಾನವ ಸಾಗಣೆಗೆ ಅಥವಾ ಜೀತಕ್ಕೆ ಸಿಕ್ಕವರು, ಬಂಧನದಲ್ಲಿರುವವರು, ಬರ, ಪ್ರವಾಹ, ಜಾತಿ ದೌರ್ಜನ್ಯದಂಥ ಆಪತ್ತಿಗೆ ಸಿಕ್ಕವರು. ಇವರಿಗೆ ಆದಾಯದ ಮಿತಿ ಇಲ್ಲ. ಉಳಿದವರಿಗೆ ಮಾತ್ರ ಸರ್ಕಾರ ನಿಗದಿ ಮಾಡಿದ ವಾರ್ಷಿಕ ಆದಾಯದ ಮಿತಿ. ಅದಕ್ಕೂ ಒಂದು ಅಫಿಡವಿಟ್ ಸಾಕಾಗಬಹುದು ಎಂದು 13ನೇ ಕಲಮು ಹೇಳುತ್ತದೆ. ವಕೀಲರ ಫೀಸು ಮಾತ್ರವಲ್ಲ, ಕೋರ್ಟ್ ಶುಲ್ಕ, ಟೈಪಿಂಗ್, ದಾಖಲೆಗಳ ಪ್ರತಿ, ಅನುವಾದದ ಖರ್ಚೂ ಇದರಲ್ಲಿ ಸೇರುತ್ತದೆ.

ನೇರ ಮಾತು ಅವರೇ, ನಿಮ್ಮ ಸಂಬಂಧಿಕರಿಗೆ ಆದದ್ದು ಆಗಬಾರದಿತ್ತು. ಅಂಥದ್ದು ನಡೆಯುತ್ತದೆ, ನಾನು ಮುಚ್ಚಿಡುವುದಿಲ್ಲ. ಆದರೆ ಅದಕ್ಕೆ ದಾರಿ ಇದೆ. ಪ್ಯಾನೆಲ್ ವಕೀಲರು ಸರಿಯಾಗಿ ನಡೆಸುತ್ತಿಲ್ಲ ಎಂದಾದರೆ ಅದೇ ಸಮಿತಿಗೆ ಬರೆದುಕೊಟ್ಟು ವಕೀಲರನ್ನು ಬದಲಾಯಿಸಿಕೊಳ್ಳಬಹುದು. ಕೇಸಿನ ಪ್ರಗತಿ ನೋಡಲು ನಿಗಾ ಸಮಿತಿಯೂ ಇದೆ. ಪ್ಯಾನೆಲ್ ವಕೀಲರು ಕಕ್ಷಿದಾರರಿಂದ ಒಂದು ರೂಪಾಯಿ ಕೇಳುವಂತಿಲ್ಲ. ಕೇಳಿದರೆ ದೂರು ಕೊಡಿ. ಇದು ಜನಕ್ಕೆ ಗೊತ್ತಿಲ್ಲ, ಅದಕ್ಕೇ ಸುಮ್ನೆ ಸಹಿಸಿಕೊಳ್ಳುತ್ತಾರೆ.

ಕಾನೂನು ಸಂಗಾತಿ (ರಾಯಚೂರು)

ನಾನು ಅರೆ ಕಾನೂನು ಸ್ವಯಂಸೇವಕ. ವಕೀಲನಲ್ಲ. ತರಬೇತಿ ಕೊಟ್ಟು, ಗುರುತಿನ ಚೀಟಿ ಕೊಟ್ಟು ನಮ್ಮನ್ನು ಊರುಗಳಿಗೆ ಕಳಿಸುತ್ತಾರೆ. ಪುಸ್ತಕದ ಮನೆ ಮೇಡಂ, ವಕೀಲರು ಬಾರದ ದಿನಕ್ಕೆ ನಮ್ಮಂಥವರನ್ನು ಕೇಳಿ.

ನಮ್ಮ ಕಡೆ ಜನ ಜಾಸ್ತಿ ತರುವುದು ಪೊಲೀಸ್ ಮತ್ತು ಕ್ರಿಮಿನಲ್ ಕೋರ್ಟಿನ ಕಾಗದ. ಬಂದವರಲ್ಲಿ ಎಷ್ಟೋ ಮಂದಿ ಸಾಕ್ಷಿಗಳು! ಜಗಳ ನೋಡಿದ್ದಾನೆ, ಪಂಚನಾಮೆಗೆ ಸಹಿ ಹಾಕಿದ್ದಾನೆ, ಅಷ್ಟೇ. ಕಾಗದ ಬಂದ ಕೂಡಲೇ ತನ್ನ ಮೇಲೇ ಕೇಸಾಗಿದೆ ಅಂತ ಹೆದರಿ ಬೆಂಗಳೂರಿಗೋ ಗೋವಾಕ್ಕೋ ದುಡಿಯಲು ಹೋಗಿಬಿಡುತ್ತಾನೆ. ಆಮೇಲೆ ಸಾಕ್ಷಿ ಬರಲಿಲ್ಲ ಎಂದು ನಿಜವಾಗಿ ವಾರಂಟ್ ಹೊರಡುತ್ತದೆ. ಕಾಗದದಲ್ಲಿ "ಸಾಕ್ಷಿ" ಎಂದಿದೆಯೋ "ಆರೋಪಿ" ಎಂದಿದೆಯೋ ನೋಡಿ ಹೇಳಿದರೆ ಅರ್ಧ ಭಯ ಇಳಿಯುತ್ತದೆ.

ಕಾಗದದ ಮೇಲಿನ ಕಲಮೂ ನೋಡಿ. 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನು ಬಂದು ನಂಬರುಗಳೆಲ್ಲ ಬದಲಾಗಿವೆ. ಮೊದಲು 41ಎ ನೋಟಿಸ್ ಅನ್ನುತ್ತಿದ್ದದ್ದು ಈಗ ನಾಗರಿಕ ಸುರಕ್ಷಾ ಸಂಹಿತೆಯ 35(3). ಅದು ಆರೋಪ ಇರುವವರನ್ನು ಠಾಣೆಗೆ ಕರೆಯುವ ನೋಟಿಸ್, ಬಂದರೆ ತಕ್ಷಣ ವಕೀಲರನ್ನು ಕಾಣಲೇಬೇಕು. ಸಾಕ್ಷಿಗಳನ್ನು ಕರೆಯುವುದು 179ರಲ್ಲಿ. ಆರೋಪಿಯಾಗಿ ಜೈಲಿನಲ್ಲಿರುವವರಿಗಾದರೆ ಜಿಲ್ಲಾ ಕೇಂದ್ರದಲ್ಲಿ ಕಾನೂನು ನೆರವು ಅಭಿರಕ್ಷಕರ ಕಚೇರಿ ಇದೆ. ಕ್ರಿಮಿನಲ್ ಕೇಸುಗಳಿಗೆ ಪೂರ್ಣಾವಧಿ ಕೆಲಸ ಮಾಡುವ ವಕೀಲರು ಅವರು. ಮನೆಯವರು ಅಲ್ಲಿಗೇ ಹೋಗಲಿ.

ಇನ್ನೊಂದು ಸಣ್ಣ ವಿಷಯ. ವಾರದ ದಿನ ಬೆಳಿಗ್ಗೆ ಇಟ್ಟರೆ ಕೂಲಿಯವರು ಬರುವುದಿಲ್ಲ. ಸಂತೆ ದಿನವೋ ಭಾನುವಾರವೋ ಇಡಿ.

ಬಾಲ್ಟಿಮೋರ್ ಕನ್ನಡತಿ

ದೂರದಿಂದ ಓದುತ್ತಿದ್ದೆ, ನಮ್ಮಲ್ಲಿ ಇದು ನಡೆಯುತ್ತಿರುವುದರಿಂದ ಬರೆಯುತ್ತೇನೆ. ಬಾಲ್ಟಿಮೋರಿನ ಸಾರ್ವಜನಿಕ ಗ್ರಂಥಾಲಯದ ಹೆಸರು ಈನಾಕ್ ಪ್ರಾಟ್ ಫ್ರೀ ಲೈಬ್ರರಿ. ಅದರ ಶಾಖೆಗಳಲ್ಲಿ ಮೇರಿಲ್ಯಾಂಡ್ ಲೀಗಲ್ ಏಡ್ ಸಂಸ್ಥೆಯ ವಕೀಲರು ಬಂದು ಕೂರುತ್ತಾರೆ. "ಲಾಯರ್ ಇನ್ ದ ಲೈಬ್ರರಿ" ಅಂತಲೇ ಕರೆಯುತ್ತಾರೆ. 2015ರಲ್ಲಿ ಪೊಲೀಸ್ ವಶದಲ್ಲಿದ್ದ ಯುವಕನೊಬ್ಬ ಸತ್ತ ಮೇಲೆ ನಗರ ಹೊತ್ತಿ ಉರಿಯಿತು. ಆ ವರ್ಷವೇ ಇದು ಶುರುವಾಯಿತು.

ಅಲ್ಲಿ ಜನ ಜಾಸ್ತಿ ಬರುವುದು ಹಳೇ ಕೇಸಿನ ದಾಖಲೆ ಅಳಿಸಿಕೊಳ್ಳಲು. ಬಂಧನವಾಗಿ, ಕೇಸು ಬಿದ್ದುಹೋಗಿದ್ದರೂ ಕಂಪ್ಯೂಟರಿನಲ್ಲಿ ಹೆಸರು ಉಳಿದಿರುತ್ತದೆ. ಕೆಲಸಕ್ಕೆ ಹೋದರೆ, ಬಾಡಿಗೆ ಮನೆ ಕೇಳಿದರೆ ಅದು ಎದುರು ಬರುತ್ತದೆ. ವಕೀಲರು ಅಲ್ಲೇ ಅರ್ಜಿ ತುಂಬಿಕೊಡುತ್ತಾರೆ. ಅಮೆರಿಕದಲ್ಲಿ 1963ರ ಗಿಡಿಯನ್ ತೀರ್ಪಿನಿಂದ ಗಂಭೀರ ಕ್ರಿಮಿನಲ್ ಕೇಸಿಗೆ ಸರ್ಕಾರದ ವಕೀಲರು ಸಿಗುತ್ತಾರೆ, ಸಿವಿಲ್ ಕೇಸಿಗೆ ಅಂಥ ಸಾಮಾನ್ಯ ಹಕ್ಕು ಇಲ್ಲ. ಮನೆ ಖಾಲಿ ಮಾಡಿಸುವ ಕೇಸುಗಳಲ್ಲಿ ಬಡ ಬಾಡಿಗೆದಾರರಿಗೆ ವಕೀಲರು ಸಿಗಬೇಕು ಎಂದು ಮೇರಿಲ್ಯಾಂಡ್ ಕಾನೂನು ಮಾಡಿದ್ದೇ 2021ರಲ್ಲಿ. ಆ ಲೆಕ್ಕದಲ್ಲಿ ನಮ್ಮ ಊರಿನ ಹೆಣ್ಣುಮಗಳಿಗೆ ಕಾಗದದ ಮೇಲೆ ಇರುವ ಹಕ್ಕು ಇಲ್ಲಿನವರಿಗಿಂತ ದೊಡ್ಡದು. ಊರಿನಲ್ಲಿ ಇಲ್ಲದ್ದು ಆ ಹಕ್ಕನ್ನು ಕೈಗೆ ಕೊಡುವ ಜಾಗ. ಗ್ರಂಥಾಲಯ ಅದಾಗಬಹುದು ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ಕಬ್ಬನ್ ಪಾರ್ಕ್ ಓದುಗ (ಬೆಂಗಳೂರು)

ಹಳ್ಳಿಯ ಮಾತಿನ ನಡುವೆ ನಗರವನ್ನೂ ನೆನಪಿಡಿ. ರಾಜ್ಯ ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡ ಕಬ್ಬನ್ ಪಾರ್ಕಿನ ಒಳಗೇ ಇದೆ, ಹೈಕೋರ್ಟಿಗೆ ನಡೆದು ಹೋಗುವಷ್ಟು ಹತ್ತಿರ. ದೂರದ ಜಿಲ್ಲೆಗಳಿಂದ ಬಂದವರು ಹೈಕೋರ್ಟಿನ ಗೇಟಿನ ಹತ್ತಿರ ಕಾಗದದ ಚೀಲ ಹಿಡಿದು ನಿಂತಿರುವುದನ್ನು ನೋಡುತ್ತಿರುತ್ತೇನೆ. ಅಲ್ಲೊಂದು ಮೇಜು ಯಾಕಿರಬಾರದು? 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ನಗರದವರು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತಾರೆ, 6 ಪರ್ಸೆಂಟ್. ಇದನ್ನು ಕೇಳುವ ಹಕ್ಕು ನಮಗಿದೆ.

ಇನ್ನೊಬ್ಬ ಮೇಲ್ವಿಚಾರಕ (ಕೊಪ್ಪಳ)

ನಾನೂ ಅದೇ ಕೆಲಸದವನು. 2019ರಲ್ಲಿ ನಮ್ಮ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ ಕಟ್ಟಡ, ಕಂಪ್ಯೂಟರ್, ಇಂಟರ್ನೆಟ್ ಎಲ್ಲ ಸುಧಾರಿಸಿತು, ಒಪ್ಪುತ್ತೇನೆ. ಮಕ್ಕಳು ಬರತೊಡಗಿದರು. ಹಾಗೆಯೇ ಕೆಲಸವೂ ಹೆಚ್ಚಿತು. ನಾವು ಒಬ್ಬೊಬ್ಬರೇ ಇರುವವರು. ಕಾನೂನು ನೆರವಿನ ದಿನ ನೂಕುನುಗ್ಗಲು ಆದರೆ ಓದುವ ಮಕ್ಕಳ ಗತಿ ಏನು? ಅದಕ್ಕೆ ಬೇರೆ ಕೋಣೆ ಇದ್ದರೆ ಮಾತ್ರ ಮಾಡಿ. ಓದುವ ಜಾಗ ಕಚೇರಿ ಆಗಬಾರದು. ಇದು ನನ್ನ ಕಳಕಳಿ, ಬೇಡ ಅನ್ನುತ್ತಿಲ್ಲ.

ಇನ್ನು ಕಂಪ್ಯೂಟರ್ ಇರುವುದರಿಂದ ಒಂದು ಕೆಲಸ ಇವತ್ತೇ ಮಾಡಬಹುದು. ಇ-ಕೋರ್ಟ್ಸ್ ಜಾಲತಾಣದಲ್ಲಿ 16 ಅಂಕಿ-ಅಕ್ಷರಗಳ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಹಾಕಿದರೆ ಮುಂದಿನ ತಾರೀಖು, ಹಿಂದಿನ ವಾಯಿದೆಗಳಲ್ಲಿ ಏನಾಯಿತು, ಎಲ್ಲ ಬರುತ್ತದೆ. ದುಡ್ಡಿಲ್ಲ. ನಂಬರ್ ಇಲ್ಲದಿದ್ದರೆ ಕೇಸ್ ನಂಬರ್ ಅಥವಾ ಹೆಸರಿನ ಮೇಲೂ ಹುಡುಕಬಹುದು. ಬರೀ ಮುಂದಿನ ತಾರೀಖು ತಿಳಿಯಲು ಬಸ್ ಚಾರ್ಜ್ ಕೊಟ್ಟು, ದಿನದ ಕೂಲಿ ಬಿಟ್ಟು ತಾಲೂಕಿಗೆ ಹೋಗುವವರು ನಮ್ಮಲ್ಲಿ ತುಂಬಾ ಇದ್ದಾರೆ. ನಾನು ಅವರಿಗೆ ಅದನ್ನು ನೋಡಿ ಹೇಳುತ್ತೇನೆ.

ನೇರ ಮಾತು (ಮಂಡ್ಯ)

ಹೊಳೆನರಸೀಪುರದ ತಂಗಿ, ನಿಮ್ಮ ಮಾತು ಓದಿ ನನ್ನ ಮೊದಲ ಆಕ್ಷೇಪ ಸ್ವಲ್ಪ ಸಡಿಲವಾಯಿತು. ಗ್ರಂಥಾಲಯಕ್ಕೆ ಬಂದದ್ದು ಯಾಕೆ ಎಂದು ಯಾರೂ ಕೇಳುವುದಿಲ್ಲ ಎಂಬುದು ಬಲವಾದ ಮಾತು. ಆದರೆ ಹಾಗಿರಬೇಕಾದರೆ ಅಲ್ಲಿ "ಕಾನೂನು ನೆರವು ದಿನ" ಅಂತ ಬ್ಯಾನರ್ ಕಟ್ಟಿ, ಸಾಲಿನಲ್ಲಿ ಕೂರಿಸಿ, ಫೋಟೊ ಹೊಡೆಯಬಾರದು. ಪಂಚಾಯಿತಿಯವರು ಅದನ್ನೇ ಮಾಡುತ್ತಾರೆ ಎಂಬುದು ನನ್ನ ಭಯ. ಗುಂಪಿನಲ್ಲಿ ಫೋಟೊ ಹಾಕಿದರೆ ಮುಗಿಯಿತು, ಮತ್ತೆ ಯಾರೂ ಬರುವುದಿಲ್ಲ.

ಹಾಗೇ ಬಂದ ವಕೀಲರು ಅಲ್ಲಿಂದಲೇ ತಮ್ಮ ಆಫೀಸಿಗೆ ಕೇಸು ಹಿಡಿದುಕೊಂಡು ಹೋಗುವುದನ್ನು ತಡೆಯುವುದು ಹೇಗೆ?

ಕರಿಕೋಟು (ಶಿವಮೊಗ್ಗ)

ಫೋಟೊ ವಿಷಯದಲ್ಲಿ ನೂರಕ್ಕೆ ನೂರು ಒಪ್ಪುತ್ತೇನೆ. ಬೋರ್ಡ್ ಇರಲಿ, ಸಮಯ ಬರೆದಿರಲಿ, ಬಂದವರ ಫೋಟೊ ಬೇಡವೇ ಬೇಡ.

ವಕೀಲರು ಕೇಸು ಹುಡುಕಿಕೊಂಡು ಹೋಗುವುದು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ. ಅಲ್ಲಿ ವಿಸಿಟಿಂಗ್ ಕಾರ್ಡ್ ಹಂಚಬಾರದು ಎಂದು ಮೊದಲೇ ಹೇಳಿಬಿಡಿ. ಕೇಸು ನಡೆಸಬೇಕಾದರೆ ಅರ್ಜಿ ಸಮಿತಿಗೇ ಹೋಗಲಿ, ವಕೀಲರನ್ನು ಸಮಿತಿಯೇ ಕೊಡಲಿ. ಪಂಚಾಯಿತಿಯೇ ಎದುರು ಪಾರ್ಟಿ ಆಗಿದ್ದರೆ ಅಲ್ಲಿ ಮಾತಾಡದೆ ನೇರ ತಾಲೂಕು ಸಮಿತಿಗೆ ಕಳಿಸಿ, ಅಥವಾ 15100.

ಗುಟ್ಟಿನ ಬಗ್ಗೆ ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಕಕ್ಷಿದಾರ ವಕೀಲರಿಗೆ ಹೇಳಿದ ಮಾತಿಗೆ ಕಾನೂನಿನ ರಕ್ಷಣೆ ಇದೆ. ವಕೀಲರಿಂದ ಅದನ್ನು ಹೊರಗೆ ಹಾಕಿಸಲು ಆಗುವುದಿಲ್ಲ. ಮೇಲ್ವಿಚಾರಕರಿಗೆ ಹೇಳಿದ ಮಾತಿಗೆ ಆ ರಕ್ಷಣೆ ಇಲ್ಲ. ನಾಳೆ ನಿಮ್ಮನ್ನೇ ಸಾಕ್ಷಿಗೆ ಕರೆದರೆ ಹೇಳಬೇಕಾಗುತ್ತದೆ. ಅದಕ್ಕೇ ಮೇಡಂ, ಯಾರಾದರೂ "ನಾನೇ ಅವತ್ತು ಹೊಡೆದೆ" ಎಂದು ಶುರು ಮಾಡಿದರೆ ಅಲ್ಲೇ ತಡೆಯಿರಿ. "ಇದನ್ನು ನನಗೆ ಹೇಳಬೇಡಿ, ವಕೀಲರಿಗೇ ಹೇಳಿ" ಅನ್ನಿ. ರಿಜಿಸ್ಟರಿನಲ್ಲಿ ಕೇಸಿನ ವಿವರ ಬರೆಯಬೇಡಿ. ವಕೀಲರ ಜೊತೆ ಮಾತಾಡುವಾಗ ನೀವೂ ಹೊರಗೆ ಬನ್ನಿ.

ನಿವೃತ್ತ ಶಿರಸ್ತೇದಾರ (ಧಾರವಾಡ)

ಲೋಕ ಅದಾಲತ್, ಅಂದರೆ ರಾಜಿಯಲ್ಲಿ ಕೇಸು ಮುಗಿಸುವ ಜನತಾ ನ್ಯಾಯಾಲಯದ ಬಗ್ಗೆಯೂ ಅಲ್ಲಿ ತಿಳಿಸಿ. ಚೆಕ್ ಕೇಸು, ಅಪಘಾತದ ಪರಿಹಾರ, ಬ್ಯಾಂಕ್ ಸಾಲ, ಪಾಲಿನ ವ್ಯಾಜ್ಯ, ರಾಜಿಯಾಗುವಂಥವು ಅಲ್ಲಿ ಬೇಗ ಮುಗಿಯುತ್ತವೆ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತದೆ. ಆದರೆ ಅಲ್ಲಿ ಆದ ರಾಜಿ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಒಪ್ಪಿಗೆ ಇಲ್ಲದಿದ್ದರೆ ಬೇಡ ಅನ್ನಬಹುದು, ಕೇಸು ಮತ್ತೆ ಕೋರ್ಟಿಗೆ ಹೋಗುತ್ತದೆ, ಅಷ್ಟೇ. ಸಾಹೇಬರ ಮುಂದೆ ಬೇಡ ಅನ್ನಲು ಹೆದರಿ ಸಹಿ ಹಾಕುವವರಿಗಾಗಿ ಇದನ್ನು ಬರೆದೆ.

ಚೆಕ್ ಬೌನ್ಸ್ ನೋಟಿಸ್ ಬಂದರೆ 15 ದಿನದ ಲೆಕ್ಕ ಬಹಳ ಮುಖ್ಯ. ನೋಟಿಸ್ ಕೈಗೆ ಬಂದ 15 ದಿನದೊಳಗೆ ದುಡ್ಡು ಕೊಟ್ಟರೆ ಕೇಸು ಹಾಕಲು ಆಗುವುದಿಲ್ಲ. ದಾಟಿದರೆ ಅವರಿಗೆ ಒಂದು ತಿಂಗಳೊಳಗೆ ದೂರು ಹಾಕುವ ಅವಕಾಶ. ಜನ ಆ 15 ದಿನವನ್ನು ನೋಟಿಸ್ ಬಚ್ಚಿಟ್ಟು ಕಳೆಯುತ್ತಾರೆ.

ಪುಸ್ತಕದ ಮನೆ (ಚಿತ್ರದುರ್ಗ ಜಿಲ್ಲೆ)

ಎಲ್ಲರಿಗೂ ಮನಸಾರೆ ವಂದನೆ. ಇಷ್ಟು ವಿವರವಾಗಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಹತ್ತಿರ ಮಾತಾಡಿದೆ, ಒಪ್ಪಿದ್ದಾರೆ. ನಮ್ಮ ಕೇಂದ್ರದ ಹಿಂದೆ ಹಳೇ ಪುಸ್ತಕ ಇಡುವ ಒಂದು ಕೋಣೆ ಇದೆ, ಬಾಗಿಲು ಮುಚ್ಚುತ್ತದೆ. ಮಕ್ಕಳ ಜಾಗಕ್ಕೆ ತೊಂದರೆ ಇಲ್ಲ. ಪತ್ರ ಹೀಗೆ ಬರೆದಿದ್ದೇವೆ, ನೋಡಿ ತಿದ್ದಿ:

"ಅಧ್ಯಕ್ಷರು, ತಾಲೂಕು ಕಾನೂನು ಸೇವಾ ಸಮಿತಿ ಇವರಿಗೆ. ನಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಾನೂನು ನೆರವು ಕ್ಲಿನಿಕ್ ನಡೆಸಲು ಪ್ರತ್ಯೇಕ ಕೋಣೆ, ಮೇಜು, ಕುರ್ಚಿ, ಇಂಟರ್ನೆಟ್ ಸಹಿತ ಕಂಪ್ಯೂಟರ್ ಒದಗಿಸಲು ಪಂಚಾಯಿತಿ ಒಪ್ಪಿದೆ. ತಿಂಗಳಿಗೆ ಎರಡು ಭಾನುವಾರ ಪ್ಯಾನೆಲ್ ವಕೀಲರನ್ನೂ, ಉಳಿದ ವಾರಗಳಲ್ಲಿ ಒಬ್ಬ ಅರೆ ಕಾನೂನು ಸ್ವಯಂಸೇವಕರನ್ನೂ ನಿಯೋಜಿಸಲು ಕೋರುತ್ತೇವೆ. ಸಾಧ್ಯವಾದರೆ ಒಬ್ಬ ಮಹಿಳಾ ವಕೀಲರನ್ನು ಕಳಿಸಬೇಕೆಂದು ವಿನಂತಿ."

ಕೊನೆಯ ಸಾಲು ನಾನೇ ಸೇರಿಸಿದ್ದು.

ಹೊಳೆನರಸೀಪುರದ ಮಗಳು

ಆ ಕೊನೆಯ ಸಾಲು ತೆಗೆಯಬೇಡಿ ಅಕ್ಕ.

ಕಾನೂನು ಸಂಗಾತಿ (ರಾಯಚೂರು)

ಪತ್ರ ಚೆನ್ನಾಗಿದೆ. ಎರಡು ತಿದ್ದುಪಡಿ. ಉಚಿತ ಕಾನೂನು ನೆರವಿನ ಅರ್ಜಿ ನಮೂನೆಗಳನ್ನು ಕನ್ನಡದಲ್ಲಿ ಕೊಡಿ ಎಂದು ಸೇರಿಸಿ, ಅದಿಲ್ಲದಿದ್ದರೆ ಮೊದಲ ದಿನವೇ ಕೈಕಟ್ಟಿದಂತಾಗುತ್ತದೆ. ಹಾಗೇ ಪ್ರತಿಯೊಂದನ್ನು ಜಿಲ್ಲಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರಿಗೂ ಕಳಿಸಿ. ಪತ್ರ ಕೊಟ್ಟಾಗ ಸ್ವೀಕೃತಿ ಸೀಲು ಹಾಕಿಸಿಕೊಂಡು ಬನ್ನಿ.

ಪುಸ್ತಕದ ಮನೆ (ಚಿತ್ರದುರ್ಗ ಜಿಲ್ಲೆ)

ಎರಡನ್ನೂ ಸೇರಿಸಿದೆ ಅಣ್ಣ. ಸೋಮವಾರ ಪಿಡಿಒ ಸಹಿ ಆದ ಮೇಲೆ ನಾನೇ ತಾಲೂಕು ಕೋರ್ಟಿಗೆ ಹೋಗಿ ಕೊಡುತ್ತೇನೆ. ಕೊಪ್ಪಳದ ಸರ್, ನಿಮ್ಮಲ್ಲೂ ಕೋಣೆ ಇದ್ದರೆ ಇದೇ ಪತ್ರ ಬಳಸಿ, ಹೆಸರು ಬದಲಾಯಿಸಿದರೆ ಸಾಕು.

ಇನ್ನೊಬ್ಬ ಮೇಲ್ವಿಚಾರಕ (ಕೊಪ್ಪಳ)

ನಮ್ಮಲ್ಲಿ ಬೇರೆ ಕೋಣೆ ಇಲ್ಲ ಮೇಡಂ, ಆದರೆ ಪಕ್ಕದ ಹಳೇ ಶಾಲಾ ಕೊಠಡಿ ಖಾಲಿ ಇದೆ. ಪಂಚಾಯಿತಿ ಸಭೆಯಲ್ಲಿ ಕೇಳುತ್ತೇನೆ. ಪತ್ರ ಇಳಿಸಿಕೊಂಡೆ.